ಹಳಿಯ ಅಗಲ, ಊರಿನ ಅಂತಸ್ತು: ಕೋಲಾರ ಸೀಮೆಯ ಎರಡು ಕವಲು ರೈಲುಗಳು

ಕೋಲಾರ ಸೀಮೆಗೆ ರೈಲು ಬಂದದ್ದು 1864ರಲ್ಲಿ. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಹಾಸಿದ ಮದ್ರಾಸ್ ರೈಲ್ವೆಯ ಹಳಿ ಮಾಲೂರನ್ನು ಮುಟ್ಟಿತು. ಜಿಲ್ಲೆಯ ಕಸಬೆ ಕೋಲಾರವನ್ನು ಮುಟ್ಟಲಿಲ್ಲ. ಆ ಕಾಲದ ಕಮಿಷನರ್ ಲೆವಿನ್ ಬೌರಿಂಗ್ ಹೆಸರು ಹೊತ್ತ ಬೌರಿಂಗ್‌ಪೇಟೆಯೇ ಕೋಲಾರದವರ ನಿಲ್ದಾಣವಾಯಿತು.

ಅಲ್ಲಿಂದ ಮುಂದೆ ಎರಡು ಕವಲು ಒಡೆದವು. ಮೊದಲನೆಯದು ಕೋಲಾರದ ಚಿನ್ನದ ಗಣಿಗಳಿಗೆ: 1894ರಲ್ಲಿ ಮಾರಿಕುಪ್ಪಂವರೆಗೆ ಸುಮಾರು 10 ಮೈಲಿ, ಐದೂವರೆ ಅಡಿಯ ಬ್ರಾಡ್‌ಗೇಜ್. ಇದನ್ನು ಚಿನ್ನ ಸಾಗಿಸಲು ಹಾಕಿದ ರೈಲೆಂದು ಹೇಳುವುದು ರೂಢಿ. ಆದರೆ ಚಿನ್ನಕ್ಕೆ ಎಷ್ಟು ಬಂಡಿ ಬೇಕು? ಒಳಬರಬೇಕಾಗಿದ್ದ ಸರಕೇ ಭಾರ: ಆವಿಯಂತ್ರಗಳಿಗೆ ಕಲ್ಲಿದ್ದಲು, ಸುರಂಗಗಳಿಗೆ ಮರದ ದಿಮ್ಮಿ, ಯಂತ್ರೋಪಕರಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗಳಿಗೆ ಬರುವವರೆಗೆ ಈ ಹಳಿಯೇ ಗಣಿಯ ಉಸಿರು.

ಎರಡನೆಯ ಕವಲು ಕೋಲಾರಕ್ಕೆ ಬಂದದ್ದು 1913ರಲ್ಲಿ, ಹತ್ತೊಂಬತ್ತು ವರ್ಷ ತಡವಾಗಿ. ಅದೂ ಎರಡೂವರೆ ಅಡಿಯ ನ್ಯಾರೋಗೇಜ್. ಕೋಲಾರ ಡಿಸ್ಟ್ರಿಕ್ಟ್ ರೈಲ್ವೆಯೆಂಬ ಈ ಹಳಿ ಶ್ರೀನಿವಾಸಪುರ, ಚಿಂತಾಮಣಿಗಳನ್ನು ದಾಟಿ ಚಿಕ್ಕಬಳ್ಳಾಪುರ ಸೇರಿತು. ಅಲ್ಲಿಂದಾಚೆ ಯಲಹಂಕದ ಕಡೆಗೆ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಬೇರೆ ಕಂಪನಿಯ ಹಳಿ. ಅದೇ ಜಿಲ್ಲೆಯ ಮುಳಬಾಗಿಲಿಗೆ ಎರಡೂ ಕವಲು ದಕ್ಕಲಿಲ್ಲ.

ತಡವಾದದ್ದಕ್ಕಿಂತ ಅಗಲ ಕಡಿಮೆಯಾದದ್ದೇ ಹೆಚ್ಚಿನ ನಷ್ಟವೆಂದು ನನ್ನ ವಾದ. ಬೌರಿಂಗ್‌ಪೇಟೆಯಲ್ಲಿ ಬ್ರಾಡ್‌ಗೇಜ್, ಯಲಹಂಕದಲ್ಲಿ ಮೀಟರ್‌ಗೇಜ್, ನಡುವೆ ಸಿಕ್ಕಿಬಿದ್ದ ಕಿರುಹಳಿ. ಶ್ರೀನಿವಾಸಪುರದ ಮೂಟೆ ಮದ್ರಾಸಿಗೆ ಹೋಗಬೇಕಾದರೆ ಒಂದು ಬಂಡಿಯಿಂದ ಇಳಿದು ಇನ್ನೊಂದನ್ನು ಹತ್ತಲೇಬೇಕು; ಆ ಕೂಲಿಯೂ ವೇಳೆಯೂ ಲಾಭದಿಂದಲೇ ಕಳೆಯಬೇಕು. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆಯದೂ ಕಿರುಹಳಿಯೇ, ಒಂದು ಮೀಟರಿನದು. ಆದರೆ ಅಲ್ಲಿ ಗ್ರೌಬುಂಡೆನ್ ಪ್ರಾಂತ್ಯದ ಊರೂರನ್ನು ಅದೇ ಅಳತೆಯಲ್ಲಿ ಬೆಸೆದು ಜಾಲ ಮಾಡಿಕೊಂಡರು. ನಮ್ಮದು ಜಾಲವಾಗಲಿಲ್ಲ, ಎರಡು ಜಾಲಗಳ ನಡುವಿನ ಎಳೆಯಾಗಿಯೇ ಉಳಿಯಿತು.

ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ, ಮೊದಲ ಕಿರುಹಳಿ ಕೋಲಾರಕ್ಕೆ ಬಂದ ನೂರು ವರ್ಷಕ್ಕೆ. ಅಷ್ಟರಲ್ಲಿ, 2001ರಲ್ಲೇ, ಗಣಿ ಮುಚ್ಚಿತ್ತು. ಕಲ್ಲಿದ್ದಲು ಬರುತ್ತಿದ್ದ ಮಾರಿಕುಪ್ಪಂ ಹಳಿಯ ಮೇಲೆ ಈಗ ನಸುಕಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ರೈಲು. ಬೌರಿಂಗ್‌ಪೇಟೆ ಬಂಗಾರಪೇಟೆಯಾಗಿ ಬಹುಕಾಲವಾಯಿತು. ರೈಲ್ವೆಯ ಸಂಕೇತಾಕ್ಷರ ಮಾತ್ರ ಇಂದಿಗೂ ‘ಬಿಡಬ್ಲ್ಯುಟಿ’.