ಅಂಗಿಯ ಚೀಟಿಯಲ್ಲಿ ಇಲ್ಲದ ಹೆಸರು

ವೆಸ್ಟ್‌ಸೈಡ್, ಜುಡಿಯೋ ಹೆಸರು ನಿಮಗೆ ಗೊತ್ತೇ ಇರುತ್ತೆ. ಈದ್ ಹತ್ತಿರ ಬಂತೆಂದರೆ ಮಕ್ಕಳ ಬಾಯಲ್ಲಿ ಮೊದಲು ಬರುವ ಅಂಗಡಿಗಳವು. ಎರಡೂ ಟಾಟಾ ಸಮೂಹದ ಟ್ರೆಂಟ್ ಕಂಪೆನಿಯವು. ಕಂಪೆನಿ ಮುಂಬೈಯದು, ಆದರೆ ಅದರ ಮೊದಲ ಬಟ್ಟೆ ಅಂಗಡಿ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಆ ಕಥೆಗೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಮುಂಬೈ ಸಿದ್ಧ ಉಡುಪು ಮಾರುವುದಕ್ಕಿಂತ ಬಹಳ ಮೊದಲೇ ಬಟ್ಟೆ ನೇಯ್ದ ಊರು. 1869ರಲ್ಲಿ ಜಮ್‌ಶೆಟ್‌ಜಿ ಟಾಟಾ ಚಿಂಚ್‌ಪೋಕ್ಲಿಯಲ್ಲಿ ನಷ್ಟಕ್ಕೆ ಬಿದ್ದ ಒಂದು ಎಣ್ಣೆ ಗಿರಣಿ ಕೊಂಡು, ಅದನ್ನೇ ಅಲೆಕ್ಸಾಂಡ್ರಾ ಎಂಬ ಹತ್ತಿ ಗಿರಣಿ ಮಾಡಿದರು. 1886ರಲ್ಲಿ ಕುರ್ಲಾದ ಧರಮ್ಸಿ ಮಿಲ್ ಕೊಂಡು ‘ಸ್ವದೇಶಿ’ ಎಂದು ಹೆಸರಿಟ್ಟರು. ಸ್ವದೇಶಿ ಚಳವಳಿ ಶುರುವಾಗಿದ್ದು 1905ರಲ್ಲಿ, ನೆನಪಿರಲಿ.

ಈ ಗಿರಣಿಗಳಲ್ಲಿ ದುಡಿದವರು ಯಾರು? ಕೊಂಕಣದಿಂದ, ಘಟ್ಟದ ಮೇಲಿಂದ ಬಂದ ಮರಾಠಿ ಜನ ಹೆಚ್ಚು. ಜೊತೆಗೆ ಉತ್ತರದ ಆಜಂಗಢ ಕಡೆಯಿಂದ ಬಂದ ಮುಸ್ಲಿಂ ನೇಕಾರರು. ಮಿಲ್ ಬಟ್ಟೆಯ ಪೈಪೋಟಿಯಲ್ಲಿ ಕೈಮಗ್ಗಕ್ಕೆ ಏಟು ಬಿದ್ದಾಗ ಇವರು ಮುಂಬೈಗೆ ಬಂದು ಮದನ್‌ಪುರದಲ್ಲಿ ನೆಲೆಸಿದರು. ಕೆಲವರು ಅಲ್ಲೇ ಮಗ್ಗ ಹೂಡಿದರು, ಹಲವರು ಮಿಲ್ಲಿನ ನೇಯ್ಗೆ ವಿಭಾಗ ಸೇರಿದರು. ಯಾವ ಯಂತ್ರ ಕಸುಬು ಕಿತ್ತುಕೊಂಡಿತೋ, ಅದೇ ಯಂತ್ರದ ಮುಂದೆ ನಿಂತರು.

ಆಗ ಥಾನಿನ ಮೇಲೆ ಮಿಲ್ಲಿನ ಮುದ್ರೆ ಇರುತ್ತಿತ್ತು. ಗಜದ ಲೆಕ್ಕದಲ್ಲಿ ಬಟ್ಟೆ ಕೊಂಡು, ಮೊಹಲ್ಲಾದ ದರ್ಜಿಗೆ ಅಳತೆ ಕೊಡುತ್ತಿದ್ದರು. ನೇಯ್ದವನ ಹೆಸರು ಗೊತ್ತಾಗದಿದ್ದರೂ ಮಿಲ್ ಯಾವುದು, ಹೊಲಿದವನು ಯಾರು ಅಂತ ಗೊತ್ತಿರುತ್ತಿತ್ತು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಮೊದಲೇ ಹಳತಾಗಿದ್ದ ಗಿರಣಿಗಳಲ್ಲಿ ಎಷ್ಟೋ ಮತ್ತೆ ಚೇತರಿಸಿಕೊಳ್ಳಲಿಲ್ಲ. ನೇಯ್ಗೆ ಭಿವಂಡಿಯಂಥ ಊರುಗಳ ಪವರ್‌ಲೂಮ್‌ಗಳ ಪಾಲಾಯಿತು. ಗಿರಣಿಯ ನೆಲಕ್ಕೆ ಚಿನ್ನದ ಬೆಲೆ ಬಂತು. ಲೋಯರ್ ಪರೇಲಿನ ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲಿ ಇವತ್ತು ಮಾಲ್ ಇದೆ. ಬಟ್ಟೆ ತಯಾರಾಗುತ್ತಿದ್ದ ಜಾಗದಲ್ಲಿ ಈಗ ಬಟ್ಟೆ ಮಾರಾಟ.

ಈಗ ಬೆಂಗಳೂರಿಗೆ ಬರೋಣ. 1998ರಲ್ಲಿ ಟಾಟಾದವರು ಸೌಂದರ್ಯವರ್ಧಕಗಳ ಕಂಪೆನಿ ಲ್ಯಾಕ್ಮೆಯನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿದರು. ಅದನ್ನು ಬೆಳೆಸಿದ್ದ ಸಿಮೋನ್ ಟಾಟಾ, ಬಂದ ಹಣವನ್ನು ಅಂಗಡಿ ವ್ಯಾಪಾರಕ್ಕೆ ಹಾಕಿದರು. ಬ್ರಿಟನ್ನಿನ ಲಿಟಲ್‌ವುಡ್ಸ್ ಕಂಪೆನಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆಸುತ್ತಿದ್ದ ಅಂಗಡಿಯನ್ನು ಕೊಂಡರು. ಅದೇ ವೆಸ್ಟ್‌ಸೈಡ್ ಆಯಿತು.

ಇವರ ಗುಟ್ಟು ಸರಳ. ಬೇರೆಯವರ ಬ್ರಾಂಡ್ ಮಾರುವ ಅಂಗಡಿಯಲ್ಲಿ ಲಾಭ ಹಂಚಿಹೋಗುತ್ತೆ. ವೆಸ್ಟ್‌ಸೈಡ್ ಹೆಚ್ಚಾಗಿ ತನ್ನದೇ ಬ್ರಾಂಡ್ ಮಾರಿತು: ವಿನ್ಯಾಸ ತನ್ನದು, ಬೆಲೆ ತನ್ನದು, ಹೊಲಿಗೆ ಮಾತ್ರ ಬೇರೆಯವರದು. ಮಾರಾಟವಾಗದೆ ಉಳಿದರೆ ನಷ್ಟವೂ ತನ್ನದೇ. 2016ರಲ್ಲಿ ಬಂದ ಜುಡಿಯೋ ಇದನ್ನೇ ಅಗ್ಗದ ಬಟ್ಟೆಗೆ ಅನ್ವಯಿಸಿತು. ಹೆಚ್ಚಾಗಿ 999 ರೂಪಾಯಿಯೊಳಗಿನ ಬೆಲೆ, ಜಾಹೀರಾತು ಕಡಿಮೆ, ಮಾರಾಟ ಜಾಸ್ತಿ. 2025ರ ಮಾರ್ಚ್ ಕೊನೆಗೆ ವೆಸ್ಟ್‌ಸೈಡ್ ಅಂಗಡಿಗಳು 248, ಜುಡಿಯೋ 765.

ಇದರಲ್ಲಿ ಒಳ್ಳೆಯದೂ ಇದೆ, ಅಲ್ಲ ಅನ್ನೋಕಾಗಲ್ಲ. ಆಟೋ ಓಡಿಸುವವರ ಮಗಳೂ ಕನ್ನಡಿ ಮುಂದೆ ಹತ್ತು ಬಟ್ಟೆ ಹಾಕಿ ನೋಡಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ಚೌಕಾಸಿ ಬಾರದವರೂ ಮೋಸ ಹೋಗುವುದಿಲ್ಲ. ಆದರೆ ಅಂಗಿಯ ಚೀಟಿ ತಿರುಗಿಸಿ ನೋಡಿ. ಬ್ರಾಂಡ್ ಇದೆ, ಸೈಜ್ ಇದೆ, ಬೆಲೆ ಇದೆ. ಹೊಲಿದ ಕೈಯ ಹೆಸರಿಲ್ಲ.

ನಮ್ಮ ಇತಿಹಾಸದ ಪುಸ್ತಕಗಳೂ ಆ ಚೀಟಿಯ ಹಾಗೆಯೇ. ಗಿರಣಿ ಕಟ್ಟಿದವರಿಗೆ ಹೆಸರು, ಇಸವಿ ಎರಡೂ ಇವೆ. ಕಾರ್ಮಿಕರಿಗೆ ಇರುವುದು ಒಂದು ಸಂಖ್ಯೆ, 2.5 ಲಕ್ಷ. ಆ ಸಂಖ್ಯೆಯೊಳಗೆ ಯಾರದೋ ದಾದಾ, ಯಾರದೋ ಮಾಮು ಇದ್ದಾರೆ. ನಿಮ್ಮ ಮನೆಯಲ್ಲಿ ಮಗ್ಗ ನಡೆಸಿದವರು, ಮಿಲ್ಲಿಗೆ ಹೋದವರು, ಹೊಲಿಗೆ ಯಂತ್ರ ತುಳಿದವರು ಇದ್ದರೆ ಇವತ್ತೇ ಕೂತು ಕೇಳಿ. ಯಾವ ಊರಿಂದ ಬಂದರು, ಕೂಲಿ ಎಷ್ಟಿತ್ತು, ಕೆಲಸ ಯಾಕೆ ಬಿಟ್ಟರು? ಉರ್ದುವಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ಹೆಸರು ಸಮೇತ ಬರೆದಿಡಿ. ಅಂಗಡಿಗಳ ಲೆಕ್ಕ ಇಡೋಕೆ ಕಂಪೆನಿಯವರಿದ್ದಾರೆ. ಇವರ ಲೆಕ್ಕ ನಾವೇ ಇಡಬೇಕು.