ಆರು ಜಿಬಿ ಹಾಕಿಸಿ ಎರಡು ಜಿಬಿ ಪಡೆದ ಕಾಲ

ಬೆಂಗಳೂರಿನ ಒಂದು ಪತ್ತಿನ ಸಹಕಾರ ಸಂಘದ ಲೆಕ್ಕಿಗರು 2003ರ ಸುಮಾರಿಗೆ ನನ್ನನ್ನು ಕರೆಸಿದ್ದರು. "ಮೇಡಂ, ಸರ್ವರಿಗೆ ಆರು ಜಿಬಿ ರ್ಯಾಮ್ ಹಾಕಿಸಿದೀವಿ. ನಾಲ್ಕಕ್ಕಿಂತ ಜಾಸ್ತಿ ತೋರಿಸ್ತಾನೇ ಇಲ್ಲ. ಎಸ್.ಪಿ. ರೋಡಿನವ್ನು ಕೆಟ್ಟ ಸ್ಟಿಕ್ ಕೊಟ್ಟಿರ್ಬೇಕು" ಎಂದರು. ತೆಗೆದು ಒಂದೊಂದಾಗಿ ಪರೀಕ್ಷಿಸಿದೆ. ಸ್ಟಿಕ್ಕುಗಳೆಲ್ಲ ಚೆನ್ನಾಗಿಯೇ ಇದ್ದವು. ಯಂತ್ರದಲ್ಲಿ ಇದ್ದದ್ದು ವಿಂಡೋಸ್ 2000 ಸರ್ವರ್. ಅದು ಗುರುತಿಸುವ ಮೆಮೊರಿ 4 ಜಿಬಿಗೇ ಮುಗಿಯುತ್ತಿತ್ತು. ಅದರ ಮೇಲೆ ನಡೆಯುತ್ತಿದ್ದ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2000ದ ಸ್ಟ್ಯಾಂಡರ್ಡ್ ಆವೃತ್ತಿ. ಅದಕ್ಕಿದ್ದ ಮಿತಿ 2 ಜಿಬಿ. ಸದಸ್ಯರ ದುಡ್ಡಿನಲ್ಲಿ ಕೊಂಡ ಆರು ಜಿಬಿಯಲ್ಲಿ ಅವರ ಸಾಲದ ಲೆಕ್ಕಕ್ಕೆ ಒದಗಿದ್ದು ಎರಡೇ.

ಡೇಟಾಬೇಸಿಗೆ ಮೆಮೊರಿ ಎಷ್ಟು ಮುಖ್ಯ ಎನ್ನುವುದು ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ. ತಿರುಗುವ ಡಿಸ್ಕಿನಿಂದ ಒಂದು ಪುಟ ತರಲು ಸುಮಾರು ಹತ್ತು ಮಿಲಿಸೆಕೆಂಡ್ ಬೇಕು. ಅದೇ ಪುಟ ಮೆಮೊರಿಯಲ್ಲಿದ್ದರೆ ನೂರು ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿ ಕೈಗೆ ಸಿಗುತ್ತದೆ. ನಡುವಿನ ಅಂತರ ಲಕ್ಷ ಪಟ್ಟು. ಒಮ್ಮೆ ಓದಿದ ಪುಟವನ್ನು ಮತ್ತೆ ಡಿಸ್ಕಿಗೆ ಹೋಗಿ ತರಬೇಕಾಗದಂತೆ ಇಟ್ಟುಕೊಳ್ಳುವುದರಲ್ಲೇ ಡೇಟಾಬೇಸಿನ ಅರ್ಧ ಜಾಣ್ಮೆ ಅಡಗಿದೆ. ಆದ್ದರಿಂದ ಸರ್ವರಿಗೆ ಆಪರೇಟಿಂಗ್ ಸಿಸ್ಟಮ್ ಆರಿಸುವ ಮಾತು ಬಂದಾಗಲೆಲ್ಲ ನಾನು ಕೇಳುವುದು ಒಂದೇ: ಇದು ಎಷ್ಟು ಮೆಮೊರಿ ಕೊಡುತ್ತದೆ, ಅಲ್ಲಿಗೇ ನಿಲ್ಲಿಸುವವರು ಯಾರು? ಪ್ರೊಸೆಸರೇ, ಕರ್ನಲ್ಲೇ, ಲೈಸೆನ್ಸಿನ ಕಾಗದವೇ? ಈ ಮೂರೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು. ಮೂರಕ್ಕೂ ಬೇರೆ ಬೇರೆ ಮದ್ದು.

ಎಲ್ಲಕ್ಕಿಂತ ಹಳೆಯದು ಪ್ರೊಸೆಸರಿನ ಮಿತಿ. ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಂಗ್ರೆಸ್ ಎಂಬ ಡೇಟಾಬೇಸನ್ನು ಕಟ್ಟಿಸುತ್ತಿದ್ದರು. ಅದು ಯೂನಿಕ್ಸ್ ಇದ್ದ ಪಿಡಿಪಿ-11/40 ಯಂತ್ರದಲ್ಲಿ ಓಡಬೇಕಿತ್ತು. ಪಿಡಿಪಿ-11ರ ವಿಳಾಸ 16 ಬಿಟ್. ಅಂದರೆ ಒಂದು ಪ್ರೋಗ್ರಾಮಿಗೆ ಏಕಕಾಲಕ್ಕೆ ಕಾಣುವುದು 64 ಕೆಬಿ ಮಾತ್ರ. ಇಡೀ ಡೇಟಾಬೇಸ್ ಅಷ್ಟರಲ್ಲಿ ಹಿಡಿಸದು. ಅವರು ಅದನ್ನು ನಾಲ್ಕು ಪ್ರೊಸೆಸ್‌ಗಳಾಗಿ ಕತ್ತರಿಸಿದರು. ಬಳಕೆದಾರನ ಜೊತೆ ಮಾತಾಡಲು ಒಂದು, ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳಲು ಇನ್ನೊಂದು, ಅದನ್ನು ಬಿಡಿಸಿ ಉತ್ತರ ಹುಡುಕಲು ಮತ್ತೊಂದು, ಉಳಿದ ಸಹಾಯದ ಕೆಲಸಗಳಿಗೆ ಕೊನೆಯದು. ನಡುವೆ ಯೂನಿಕ್ಸಿನ ಪೈಪುಗಳು. 1976ರಲ್ಲಿ ಅವರು ಬರೆದ ವಿನ್ಯಾಸದ ಲೇಖನ ಓದಿದಾಗ ನನಗೆ ರೋಮಾಂಚನವಾಗಿತ್ತು. ಪಠ್ಯಪುಸ್ತಕಗಳಲ್ಲಿ ಡೇಟಾಬೇಸಿನ ಒಳಗಿನ ರಚನೆ ಎಂದು ಓದಿದ್ದರಲ್ಲಿ ಎಷ್ಟೋ ಭಾಗ ತತ್ವದಿಂದ ಹುಟ್ಟಿದ್ದಲ್ಲ, 64 ಕೆಬಿಯ ಇಕ್ಕಟ್ಟಿನಲ್ಲಿ ಬದುಕುಳಿಯಲು ಕಂಡುಕೊಂಡ ದಾರಿ ಎಂದು ತಿಳಿದದ್ದು ಆಗಲೇ. ಅದೇ ವರ್ಷ, ಪಿಡಿಪಿ-11ರ ವಿನ್ಯಾಸದಲ್ಲಿ ಪಾಲುದಾರರಾಗಿದ್ದ ಗೋರ್ಡನ್ ಬೆಲ್, ವಿಲಿಯಂ ಸ್ಟ್ರೆಕರ್ ಜೊತೆ ಸೇರಿ ಆ ಯಂತ್ರದಿಂದ ಕಲಿತದ್ದನ್ನು ಬರೆದರು. ವಿಳಾಸಕ್ಕೆ ಸಾಲದಷ್ಟು ಬಿಟ್ ಇಡುವುದು ಕಂಪ್ಯೂಟರ್ ವಿನ್ಯಾಸದಲ್ಲಿ ಸುಲಭವಾಗಿ ಚೇತರಿಸಿಕೊಳ್ಳಲಾಗದ ತಪ್ಪು ಎಂದು ಅವರು ಒಪ್ಪಿಕೊಂಡರು. ಮರುವರ್ಷವೇ ಪಿಡಿಪಿ-11 ತಯಾರಿಸಿದ ಡಿಜಿಟಲ್ ಕಂಪನಿ 32 ಬಿಟ್‌ನ ವ್ಯಾಕ್ಸ್ ತಂದಿತು.

ಐಬಿಎಂನ ದೊಡ್ಡ ಯಂತ್ರಗಳೂ ಇದೇ ಹಾದಿಯಲ್ಲಿ ನಡೆದವು. 1964ರ ಸಿಸ್ಟಮ್/360ಯಲ್ಲಿ ವಿಳಾಸ 24 ಬಿಟ್, ಅಂದರೆ 16 ಎಂಬಿ. ವಿಳಾಸ ಕೂರುವ 32 ಬಿಟ್‌ನಲ್ಲಿ ಉಳಿದ ಎಂಟು ಬಿಟ್‌ಗಳಲ್ಲಿ ಪ್ರೋಗ್ರಾಮರುಗಳು ತಮ್ಮದೇ ಗುರುತುಗಳನ್ನು ಇಟ್ಟುಕೊಳ್ಳತೊಡಗಿದ್ದರು. ಮುಂದೆ ವಿಳಾಸವನ್ನು ಹಿಗ್ಗಿಸಲು ಹೊರಟಾಗ ಆ ಹಳೆಯ ಪ್ರೋಗ್ರಾಮುಗಳೇ ಅಡ್ಡ ಬಂದವು. 1983ರ ಹೊತ್ತಿಗೆ ಗ್ರಾಹಕರಿಗೆ ಸಿಕ್ಕಿದ ವಿಸ್ತರಣೆ 32 ಅಲ್ಲ, 31 ಬಿಟ್. ಉಳಿದ ಒಂದು ಬಿಟ್ ಹಳೆಯ ಕ್ರಮವೋ ಹೊಸ ಕ್ರಮವೋ ಎಂದು ಹೇಳಲು ಬೇಕಾಯಿತು. ಹಾಗಾಗಿ 2 ಜಿಬಿ. ಅದೇ ವರ್ಷ ಬಂದ ಐಬಿಎಂ ಡೇಟಾಬೇಸ್ ಡಿಬಿ2 ಆ ಎರಡು ಜಿಬಿಯೊಳಗೆ ಎರಡು ದಶಕ ಸಂಸಾರ ಮಾಡಿತು.

ನಾನು ಕೆಲಸಕ್ಕೆ ಸೇರಿದ್ದು 32 ಬಿಟ್‌ನ ಕಾಲದಲ್ಲಿ. 32 ಬಿಟ್ ಅಂದರೆ 4 ಜಿಬಿ. ಆದರೆ ಡೇಟಾಬೇಸಿಗೆ ನಾಲ್ಕು ಸಿಗುತ್ತಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ ತನಗೊಂದು ಪಾಲು ಎತ್ತಿಡುತ್ತಿತ್ತು, ಮತ್ತು ಆ ಪಾಲು ಎಷ್ಟು ಎನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ. ವಿಂಡೋಸ್ ಎನ್‌ಟಿ ಸಮಪಾಲು ಮಾಡಿತು: ಪ್ರೋಗ್ರಾಮಿಗೆ ಎರಡು, ಕರ್ನಲ್ಲಿಗೆ ಎರಡು. ಎನ್‌ಟಿ 4.0ರ ಎಂಟರ್‌ಪ್ರೈಸ್ ಆವೃತ್ತಿಯಿಂದ ಮುಂದೆ ಬೂಟ್ ಕಡತದಲ್ಲಿ 3ಜಿಬಿ ಎಂಬ ಸ್ವಿಚ್ ಬರೆದರೆ ಪಾಲು ಮೂರು-ಒಂದಾಗುತ್ತಿತ್ತು. ಲಿನಕ್ಸಿನಲ್ಲಿ ಸ್ವಿಚ್ ಇಲ್ಲದೆಯೇ ಮೂರು-ಒಂದು. ಡೇಟಾಬೇಸಿಗೆ ಒಂದು ಜಿಬಿ ಹೆಚ್ಚು ಸಿಕ್ಕರೆ ಲಾಭವೇ ಎಂದುಕೊಂಡರೆ, ಕರ್ನಲ್ಲಿನ ಒಳಗಿನ ಕೋಷ್ಟಕಗಳಿಗೆ ಅಷ್ಟರ ಮಟ್ಟಿಗೆ ಜಾಗ ಕಡಿಮೆ. ಮುಂದೆ ಹೇಳುವ ಪಿಎಇ ಉಪಾಯದಿಂದ 16 ಜಿಬಿಗಿಂತ ಹೆಚ್ಚು ಮೆಮೊರಿ ಪಡೆದ ವಿಂಡೋಸ್ ಯಂತ್ರದಲ್ಲಿ ಆ ಸ್ವಿಚ್ ಹಾಕುವಂತೆಯೇ ಇರಲಿಲ್ಲ. ಅಷ್ಟು ಪುಟಗಳ ಲೆಕ್ಕ ಇಡಲು ಕರ್ನಲ್ಲಿಗೆ ಉಳಿದ ಒಂದು ಜಿಬಿ ಸಾಲುತ್ತಿರಲಿಲ್ಲ.

ಆರಕಲ್ ಡೇಟಾಬೇಸಿನಲ್ಲಿ ಈ ಆಯ್ಕೆ ಇನ್ನೂ ಗಂಭೀರ. ವಿಂಡೋಸಿನಲ್ಲಿ ಆರಕಲ್ ಒಂದೇ ಪ್ರೊಸೆಸ್, ಬಳಕೆದಾರರೆಲ್ಲ ಅದರೊಳಗಿನ ಥ್ರೆಡ್‌ಗಳು. ಹಂಚಿಕೊಂಡ ಬಫರ್, ಪ್ರತಿಯೊಬ್ಬರ ಸಾರ್ಟಿಂಗ್ ಜಾಗ ಎಲ್ಲವೂ ಅದೇ ಎರಡು ಅಥವಾ ಮೂರು ಜಿಬಿಯೊಳಗೆ ತುರುಕಿಕೊಳ್ಳಬೇಕು. ಲಿನಕ್ಸಿನಲ್ಲಿ ಬಳಕೆದಾರರಿಗೊಂದು ಪ್ರೊಸೆಸ್. ಹಂಚಿಕೊಂಡ ಬಫರ್ ಎಲ್ಲರಿಗೂ ಕಂಡರೂ ಸಾರ್ಟಿಂಗಿನ ಜಾಗ ಅವರವರದ್ದೇ ವಿಳಾಸದಲ್ಲಿ. ಅದೇ ಯಂತ್ರ, ಅದೇ ಆರಕಲ್, ಅಷ್ಟೇ ಮೆಮೊರಿ. ಆಪರೇಟಿಂಗ್ ಸಿಸ್ಟಮ್ ಬದಲಾದರೆ ತಿಂಗಳ ಕೊನೆಯ ವರದಿಯ ದಿನ ತಡೆದುಕೊಳ್ಳುವ ಬಳಕೆದಾರರ ಸಂಖ್ಯೆಯೇ ಬದಲಾಗುತ್ತಿತ್ತು. ಲಿನಕ್ಸಿನಲ್ಲಿ ಸಹಜವಾಗಿ 1.7 ಜಿಬಿಗೆ ನಿಲ್ಲುತ್ತಿದ್ದ ಆರಕಲ್ ಬಫರನ್ನು, ಲೈಬ್ರರಿಗಳು ಕೂರುವ ವಿಳಾಸವನ್ನು ಕೆಳಗೆ ಸರಿಸಿ, ಆರಕಲ್ ಅನ್ನು ಮತ್ತೆ ಲಿಂಕ್ ಮಾಡಿ, 2.7 ಜಿಬಿಯವರೆಗೆ ಎಳೆಯುತ್ತಿದ್ದೆವು. ಒಂದು ಜಿಬಿಗಾಗಿ ಅಷ್ಟೆಲ್ಲ!

ಇದರಿಂದ ಪಾರಾಗಲು ಹಣ ಇದ್ದವರಿಗೆ ಆಗಲೇ ದಾರಿಯಿತ್ತು. ಡಿಜಿಟಲ್ ಕಂಪನಿಯ 64 ಬಿಟ್ ಆಲ್ಫಾ 1992ರಲ್ಲೇ ಬಂದಿತ್ತು. 90ರ ದಶಕದ ನಡುವೆ ಡಿಜಿಟಲ್ ಯೂನಿಕ್ಸ್ ಮೇಲೆ ಆರಕಲ್ ಹಲವು ಜಿಬಿ ಮೆಮೊರಿಯನ್ನು ನೇರವಾಗಿ ಬಳಸತೊಡಗಿತು. ಅದೇ ಆಲ್ಫಾ ಪ್ರೊಸೆಸರಿನ ಮೇಲೆ ವಿಂಡೋಸ್ ಎನ್‌ಟಿಯೂ ಓಡುತ್ತಿತ್ತು, ಆದರೆ 32 ಬಿಟ್ ಆಗಿ. 64 ಬಿಟ್‌ನ ಯಂತ್ರ ಕೊಂಡು ಎನ್‌ಟಿ ಹಾಕಿಸಿದವರಿಗೆ ದಕ್ಕಿದ್ದು 32 ಬಿಟ್‌ನ ವಿಳಾಸ. ಆಪರೇಟಿಂಗ್ ಸಿಸ್ಟಮ್ ಆರಿಸುವುದೆಂದರೆ ಏನೆಂದು ಹೊಸಬರಿಗೆ ಹೇಳಿಕೊಡುವಾಗ ನಾನು ಮೊದಲು ಕೊಡುವ ಉದಾಹರಣೆ ಇದು. 90ರ ದಶಕದ ಕೊನೆಯ ಹೊತ್ತಿಗೆ ಎಐಎಕ್ಸ್, ಎಚ್‌ಪಿ-ಯುಎಕ್ಸ್, ಸೋಲಾರಿಸ್ ಎಂಬ ಮೂರು ಯೂನಿಕ್ಸ್‌ಗಳೂ 64 ಬಿಟ್ ಆಗಿದ್ದವು. ನಮ್ಮ ದೊಡ್ಡ ಬ್ಯಾಂಕುಗಳು ಶಾಖೆಗೊಂದು ಕಂಪ್ಯೂಟರ್ ಬಿಟ್ಟು ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಡೇಟಾಬೇಸಿಗೆ ತಂದದ್ದು, ಬೆಂಗಳೂರಿನಲ್ಲೇ ಇನ್ಫೋಸಿಸ್ ತಯಾರಿಸಿದ ಫಿನಾಕಲ್‌ನಂಥ ತಂತ್ರಾಂಶ ಅದಕ್ಕೆ ಒದಗಿದ್ದು ಇದರ ನಂತರದ ವರ್ಷಗಳಲ್ಲಿ. ಸಹಕಾರ ಸಂಘಗಳಿಗೆ, ಸಣ್ಣ ಕಾರ್ಖಾನೆಗಳಿಗೆ ಆ ಯಂತ್ರಗಳ ಬೆಲೆ ನಿಲುಕುತ್ತಿರಲಿಲ್ಲ. ಅವರ ಪಾಲಿಗೆ ಇಂಟೆಲ್ ಸರ್ವರೇ. ನನ್ನ ದುಡಿಮೆಯೆಲ್ಲ ನಡೆದದ್ದು ಅವರ ನಡುವೆ.

ಇಂಟೆಲ್ 1995ರ ಪೆಂಟಿಯಂ ಪ್ರೊದಲ್ಲಿ ಪಿಎಇ ಎಂಬ ಉಪಾಯ ತಂದಿತು. ಯಂತ್ರದ ವಿಳಾಸ 36 ಬಿಟ್, ಅಂದರೆ 64 ಜಿಬಿ. ಪ್ರತಿ ಪ್ರೋಗ್ರಾಮಿಗೆ ಕಾಣುವುದು ಮಾತ್ರ ಹಳೆಯ 4 ಜಿಬಿಯೇ. ಉಗ್ರಾಣ ಎಷ್ಟೇ ದೊಡ್ಡದಾದರೂ ಸಾಮಾನನ್ನೆಲ್ಲ ಒಂದೇ ಕಿಂಡಿಯಿಂದ ತೆಗೆದು ಇಡುವ ಸ್ಥಿತಿ. ವಿಂಡೋಸ್ 2000ದಲ್ಲಿ ಈ ಕಿಂಡಿಗೆ ಎಡಬ್ಲ್ಯೂಇ ಎಂದು ಹೆಸರಿಟ್ಟರು. ಎಸ್‌ಕ್ಯೂಎಲ್ ಸರ್ವರ್ ಇದನ್ನು ಡೇಟಾ ಪುಟಗಳಿಗೆ ಮಾತ್ರ ಬಳಸಬಲ್ಲದಾಗಿತ್ತು. ಲಾಕುಗಳು, ಸಿದ್ಧಪಡಿಸಿಟ್ಟ ಕ್ವೆರಿಗಳು, ಸಂಪರ್ಕಗಳು ಎಲ್ಲ ಹಳೆಯ ಎರಡು ಜಿಬಿಯಲ್ಲೇ ಇರಬೇಕು. ಮೇಲಾಗಿ ಈ ಸೌಲಭ್ಯಕ್ಕೂ ಬೆಲೆಯ ಮೆಟ್ಟಿಲುಗಳಿದ್ದವು. ವಿಂಡೋಸ್ 2000 ಸರ್ವರಿಗೆ 4, ಅಡ್ವಾನ್ಸ್ಡ್ ಸರ್ವರಿಗೆ 8, ಡೇಟಾಸೆಂಟರ್ ಆವೃತ್ತಿಗೆ 32 ಜಿಬಿ. ಆ ಸಹಕಾರ ಸಂಘದ ಆರು ಜಿಬಿ ಪೂರ್ತಿ ಬಳಕೆಗೆ ಬರಬೇಕಿದ್ದರೆ ಆಪರೇಟಿಂಗ್ ಸಿಸ್ಟಮ್ಮಿನ ಆವೃತ್ತಿಯನ್ನೂ ಏರಿಸಬೇಕು, ಡೇಟಾಬೇಸಿನದನ್ನೂ ಏರಿಸಬೇಕು. ಲೆಕ್ಕಿಗರಿಗೆ ಖರ್ಚು ಬರೆದು ತೋರಿಸಿದೆ. ಅವರು ಎರಡು ಜಿಬಿಯ ಸ್ಟಿಕ್ ಬಿಚ್ಚಿಸಿ ಬೇರೆ ಕಂಪ್ಯೂಟರಿಗೆ ಹಾಕಿಸಿದರು. ಅವರು ಮಾಡಿದ್ದೇ ಸರಿ.

ಲಿನಕ್ಸಿನಲ್ಲಿ ಲೈಸೆನ್ಸಿನ ಮೆಟ್ಟಿಲು ಇಲ್ಲದಿದ್ದರೂ ಕರ್ನಲ್ಲಿನ ಮಿತಿ ಬೇರೆ ರೂಪದಲ್ಲಿ ಕಾದಿತ್ತು. 32 ಬಿಟ್ ಕರ್ನಲ್ ನೇರವಾಗಿ ಮುಟ್ಟಬಲ್ಲ ಮೆಮೊರಿ ಮೊದಲ 896 ಎಂಬಿ ಮಾತ್ರ. ಅದಕ್ಕೆ ಲೋಮೆಮ್ ಎನ್ನುತ್ತಿದ್ದೆವು. ಯಂತ್ರದ ಪ್ರತಿ 4 ಕೆಬಿ ಪುಟಕ್ಕೂ ಒಂದು ದಾಖಲೆ ಅಲ್ಲೇ ಇರಬೇಕು. 64 ಜಿಬಿಯ ಯಂತ್ರದಲ್ಲಿ ಅಂಥ ಪುಟಗಳು ಸುಮಾರು 1 ಕೋಟಿ 68 ಲಕ್ಷ. ದಾಖಲೆಗೆ 32 ಬೈಟ್ ಎಂದಿಟ್ಟುಕೊಂಡರೂ 512 ಎಂಬಿ ಅದಕ್ಕೇ ಸರಿ. ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸಂಬಳ ಬಟವಾಡೆಯ ಹಿಂದಿನ ರಾತ್ರಿ ಕರ್ನಲ್ ಆರಕಲ್‌ನ ಪ್ರೊಸೆಸನ್ನೇ ಕೊಂದುಹಾಕಿತು, ಮೆಮೊರಿ ಸಾಲದು ಎಂಬ ಕಾರಣ ಕೊಟ್ಟು. ಒಟ್ಟು ಮೆಮೊರಿಯ ಲೆಕ್ಕ ತೆಗೆದರೆ ಜಿಬಿಗಟ್ಟಲೆ ಖಾಲಿ. ಮೆಮ್‌ಇನ್ಫೋ ಕಡತದಲ್ಲಿ ಲೋಫ್ರೀ ಎಂಬ ಸಾಲು ನೋಡಿದ ಮೇಲೆ ಗೊತ್ತಾಯಿತು: ಮೇಲೆ ಖಾಲಿ, ಕೆಳಗೆ ಭರ್ತಿ. ಸಾವಿರಾರು ಟೈಲರುಗಳ ಸಂಬಳ ಆ ಒಂದು ಸಾಲಿನ ಮೇಲೆ ನಿಂತಿತ್ತು. ಬೆಳಗಾಗುವುದರೊಳಗೆ ಸಂಪರ್ಕಗಳ ಸಂಖ್ಯೆ ಇಳಿಸಿ, ಹಂಚಿಕೊಂಡ ಬಫರನ್ನು ದೊಡ್ಡ ಪುಟಗಳಿಗೆ ಬದಲಾಯಿಸಿ ಬಟವಾಡೆ ಮುಗಿಸಿದೆವು. 2003ರಲ್ಲಿ ಇಂಗೊ ಮೋಲ್ನಾರ್ ಕರ್ನಲ್ಲಿಗೂ ಪ್ರೋಗ್ರಾಮಿಗೂ ತಲಾ ನಾಲ್ಕು ಜಿಬಿ ಬಿಟ್ಟುಕೊಡುವ ತಿದ್ದುಪಡಿ ಬರೆದರು. ರೆಡ್ ಹ್ಯಾಟ್ ಅದನ್ನು ಹ್ಯೂಜ್‌ಮೆಮ್ ಎಂಬ ಕರ್ನಲ್ ಆಗಿ ಕೊಟ್ಟಿತು. ಕರ್ನಲ್ಲಿಗೆ ಹೋಗಿಬರುವಾಗಲೆಲ್ಲ ವಿಳಾಸದ ಕೋಷ್ಟಕವನ್ನೇ ಬದಲಿಸಬೇಕಾಗಿದ್ದರಿಂದ ವೇಗ ಕುಗ್ಗುತ್ತಿತ್ತು. ಆದರೂ ಬಳಸಿದೆವು. ಬೀಳುವುದಕ್ಕಿಂತ ನಿಧಾನವಾಗುವುದು ಮೇಲು.

ಈ ಕಸರತ್ತುಗಳನ್ನೆಲ್ಲ ಅಳಿಸಿದ್ದು ಎಎಂಡಿ ಕಂಪನಿಯ 64 ಬಿಟ್ ಪ್ರೊಸೆಸರ್ ಆಪ್ಟೆರಾನ್. 2003ರ ಏಪ್ರಿಲ್‌ನಲ್ಲಿ ಅದು ಬಂತು, ಮರುವರ್ಷ ಇಂಟೆಲ್ ತನ್ನ ಜಿಯಾನ್‌ನಲ್ಲೂ ಅದೇ ವಿಳಾಸ ಕ್ರಮವನ್ನು ಅಳವಡಿಸಿತು. ಲಿನಕ್ಸ್ ಬೇಗನೆ ಸಿದ್ಧವಾಗಿತ್ತು. ಈ ಪ್ರೊಸೆಸರುಗಳಿಗೆ ವಿಂಡೋಸ್ ಸರ್ವರ್ ಬಂದದ್ದು 2005ರಲ್ಲಿ. ಆ ಎರಡು ವರ್ಷ ಸಣ್ಣ ಕಚೇರಿಗಳಿಗೆ ನಾನು ಲಿನಕ್ಸನ್ನೇ ಒತ್ತಿ ಹೇಳಿದೆ. ಸಾಮಾನ್ಯ ಬೆಲೆಯ ಯಂತ್ರದಲ್ಲಿ 48 ಬಿಟ್ ವಿಳಾಸ, ಲೋಮೆಮ್ ಇಲ್ಲ, ಕಿಂಡಿ ಇಲ್ಲ. ಎಸ್‌ಕ್ಯೂಎಲ್ ಸರ್ವರ್ 2012ರ ಹೊತ್ತಿಗೆ ಎಡಬ್ಲ್ಯೂಇಯನ್ನೂ ತೆಗೆದುಹಾಕಿತು.

ಪ್ರೊಸೆಸರ್ ಬಿಟ್ಟುಕೊಟ್ಟರೂ ಲೈಸೆನ್ಸ್ ಬಿಡಲಿಲ್ಲ. ವಿಂಡೋಸ್ ಸರ್ವರ್ 2008 ಆರ್2 64 ಬಿಟ್‌ನಲ್ಲಿ ಮಾತ್ರ ಬಂತು. ಅದರ ಸ್ಟ್ಯಾಂಡರ್ಡ್ ಆವೃತ್ತಿಗೆ ಮಿತಿ 32 ಜಿಬಿ, ಎಂಟರ್‌ಪ್ರೈಸಿಗೆ 2 ಟಿಬಿ. ಒಂದೇ ಕರ್ನಲ್. 2012ರ ವಿಂಡೋಸ್ ಸರ್ವರ್ ಈ ಭೇದ ತೆಗೆದು ಸ್ಟ್ಯಾಂಡರ್ಡಿಗೂ 4 ಟಿಬಿ ಕೊಟ್ಟಿತು. ಆದರೆ ಅಷ್ಟರಲ್ಲಿ ಮಿತಿ ಡೇಟಾಬೇಸಿಗೆ ವರ್ಗವಾಗಿತ್ತು. ಎಸ್‌ಕ್ಯೂಎಲ್ ಸರ್ವರ್ 2008ರ ಸ್ಟ್ಯಾಂಡರ್ಡ್ ಆವೃತ್ತಿ ಆಪರೇಟಿಂಗ್ ಸಿಸ್ಟಮ್ ಕೊಟ್ಟಷ್ಟನ್ನೂ ಬಳಸುತ್ತಿತ್ತು. 2008 ಆರ್2ರಲ್ಲಿ ಅದನ್ನು 64 ಜಿಬಿಗೆ ಕಟ್ಟಿದರು, 2014ರಲ್ಲಿ 128ಕ್ಕೆ ಬಿಟ್ಟರು. ಮೆಮೊರಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದ್ದ ಕಾಲದಲ್ಲಿ ಹೊಸ ಆವೃತ್ತಿಗೆ ಏರಿದವರಿಗೆ ಹಳೆಯದಕ್ಕಿಂತ ಕಡಿಮೆ ಸಿಕ್ಕಿತು ಎನ್ನುವುದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಬಿಟ್ ಸಾಲದೆ ನಿಂತ ಮಿತಿಯನ್ನು ಎಂಜಿನಿಯರುಗಳು ತಲೆ ಓಡಿಸಿ ದಾಟಬಹುದು. ಬೆಲೆಪಟ್ಟಿಯಲ್ಲಿ ಬರೆದ ಮಿತಿಯನ್ನು ದಾಟಲು ಹಣವೇ ಬೇಕು.

ಹೀಗಾಗಿ ಹಲವರು ಪೋಸ್ಟ್‌ಗ್ರೆಸ್ ಕಡೆ ತಿರುಗಿದರು, ನಾನೂ ತಿರುಗಿಸಿದೆ. ಅದು ಬರ್ಕ್ಲಿಯಲ್ಲಿ ಸ್ಟೋನ್‌ಬ್ರೇಕರ್ ಇಂಗ್ರೆಸ್ ನಂತರ ಕೈಗೆತ್ತಿಕೊಂಡ ಯೋಜನೆಯಿಂದ ಬಂದದ್ದು. ಆವೃತ್ತಿಯ ಮೆಟ್ಟಿಲಿಲ್ಲ. ಆದರೆ ಇಂದಿಗೂ ಸಂಪರ್ಕಕ್ಕೊಂದು ಪ್ರೊಸೆಸ್. ಪ್ರತಿ ಪ್ರೊಸೆಸ್ ತಾನು ಮುಟ್ಟಿದ ಹಂಚಿಕೆಯ ಪುಟಕ್ಕೆಲ್ಲ ತನ್ನದೇ ಕೋಷ್ಟಕದಲ್ಲಿ 8 ಬೈಟ್‌ನ ನಮೂದು ಇಟ್ಟುಕೊಳ್ಳುತ್ತದೆ. ಪುಟ 4096 ಬೈಟ್. 4096ನ್ನು 8ರಿಂದ ಭಾಗಿಸಿದರೆ 512. ಅಂದರೆ 512 ಸಂಪರ್ಕಗಳು ಇಡೀ ಬಫರನ್ನು ಓಡಾಡಿದ ಮೇಲೆ ಕೋಷ್ಟಕಗಳ ಗಾತ್ರ ಬಫರಿನ ಗಾತ್ರಕ್ಕೇ ಸಮ. ಬಫರ್ 2 ಜಿಬಿ ಇದ್ದಾಗ ಕೋಷ್ಟಕ 2 ಜಿಬಿ, 64 ಇದ್ದರೆ 64. ಮೆಮೊರಿ ಎಷ್ಟು ಸುರಿದರೂ ಈ ಅನುಪಾತ ಕದಲುವುದಿಲ್ಲ. ಲಿನಕ್ಸಿನಲ್ಲಿ 2 ಎಂಬಿಯ ದೊಡ್ಡ ಪುಟಗಳನ್ನು ಮೀಸಲಿಟ್ಟರೆ ಮಾತ್ರ ಆ 64 ಜಿಬಿಯ ಕೋಷ್ಟಕ 128 ಎಂಬಿಗೆ ಇಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೊಂದು ಸೆಟ್ಟಿಂಗ್ ಬಂದದ್ದು 2014ರ 9.4 ಆವೃತ್ತಿಯಲ್ಲಿ. ನನ್ನ ಜೊತೆ ಕೆಲಸ ಕಲಿಯುವ ಹುಡುಗ ಹುಡುಗಿಯರಿಗೆ ಹೊಸ ಸರ್ವರ್ ಒಪ್ಪಿಸುವಾಗ ಈ ಭಾಗಾಕಾರವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ, ಆಮೇಲೆ ಸಂಪರ್ಕಗಳ ಮಿತಿ ಎಷ್ಟಿರಲಿ ಎಂದು ಕೇಳುತ್ತೇನೆ.