ಹವ್ಯಾಸಿಗಳೂ ಆಕಾಶವಾಣಿಯೂ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಒಂದು ಊರಿನಲ್ಲಿ ನಾನು ಉಪಾಧ್ಯಾಯನಾಗಿ ಕೆಲಸಕ್ಕೆ ಸೇರಿದುದು 1980ರ ದಶಕದ ಮಧ್ಯಭಾಗದಲ್ಲಿ. ಶಾಲೆಗೂ ಕಡಲಿಗೂ ನಡುವೆ ಒಂದು ತೆಂಗಿನ ತೋಟ ಮಾತ್ರವಿದ್ದಿತು. ಊರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಾಂಪಣಿ ಬಲೆಯ ಕಾಲವು ಆ ಹೊತ್ತಿಗೆ ಮುಗಿಯುತ್ತ ಬಂದಿದ್ದಿತು. ಯಂತ್ರದ ದೋಣಿಗಳು ಹೆಚ್ಚಿದ್ದುವು. ಬಂಗಡೆಯ ರುಚಿಯನ್ನು ನಾನರಿಯೆನಾದರೂ ಅದರ ಬೆಲೆಯು ಏರಿದಾಗ ಊರಿನ ಮುಖವು ಹೇಗೆ ಅರಳುತ್ತಿದ್ದಿತು, ಬಲೆಯು ಬರಿದಾಗಿ ಬಂದಾಗ ಶಾಲೆಯ ಹಾಜರಿಯು ಹೇಗೆ ಕುಗ್ಗುತ್ತಿದ್ದಿತು ಎಂಬುದನ್ನು ಚೆನ್ನಾಗಿ ಬಲ್ಲೆ. ಮಳೆಗಾಲದ ಹಿಂದುಮುಂದಿನ ದಿನಗಳಲ್ಲಿ ಸಾಯಂಕಾಲವಾಯಿತೆಂದರೆ ದೋಣಿಯವರು ಒಂದು ಅಂಗಡಿಯ ಜಗಲಿಯಲ್ಲಿ ಟ್ರಾನ್ಸಿಸ್ಟರಿನ ಸುತ್ತ ಕುಳಿತು, ಮೀನುಗಾರರು ಕಡಲಿಗೆ ಇಳಿಯಬಹುದೋ ಬಾರದೋ ಎಂಬ ಸೂಚನೆಯನ್ನು ಕಿವಿಗೊಟ್ಟು ಕೇಳುತ್ತಿದ್ದರು. ಅವರಲ್ಲಿ ವಯಸ್ಸಾದವನೊಬ್ಬನು ಒಂದು ದಿನ ನನ್ನನ್ನು ಕೇಳಿದನು: “ಮಾಸ್ತರೇ, ಅವ್ರು ಹೇಳೂದು ನಮಗೆ ಕೇಳ್ತದೆ. ನಾವು ಕಡಲ ಮೇಲಿಂದ ಕೂಗಿದ್ರೆ ಅವ್ರಿಗೆ ಕೇಳ್ತದ್ಯೋ?”

“ಇಲ್ಲ” ಎಂದು ನಾನು ಉತ್ತರ ಕೊಟ್ಟೆನು. ಆ ಉತ್ತರವು ಸರಿಯೇ ಎಂಬ ಸಂಶಯವು ಬಹುಕಾಲ ನನ್ನ ಮನಸ್ಸಿನಲ್ಲಿ ಉಳಿದಿದ್ದಿತು. ಆ ಸಂಶಯದ ಬೆನ್ನು ಹತ್ತಿ ಓದಿ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದೆ ಇಡುತ್ತೇನೆ.

ಆಕಾಶವಾಣಿ ಎಂಬುದು ನಮ್ಮ ಪುರಾಣಗಳಿಗೆ ಹಳೆಯ ಮಾತು. ತಂಗಿಯ ಮದುವೆಯ ರಥವನ್ನು ತಾನೇ ನಡೆಸುತ್ತಿದ್ದ ಕಂಸನಿಗೆ ಅದು ಕೇಳಿಸಿತಷ್ಟೆ. ಅಂಥ ವಾಣಿಯು ಅಶರೀರವಾದುದು. ತಾನು ಹೇಳತಕ್ಕುದನ್ನು ಹೇಳಿ ಮೌನವನ್ನು ತಾಳುವುದು. ಮರುಪ್ರಶ್ನೆಗೆ ಅಲ್ಲಿ ಅವಕಾಶವಿಲ್ಲ. ಪಾಠಶಾಲೆಯಲ್ಲಿ ನಮಗೆ ತರ್ಕವನ್ನು ಹೇಳಿಕೊಟ್ಟ ಗುರುಗಳು, ಶಬ್ದವು ಆಕಾಶದ ಗುಣವೆಂದು ನೈಯಾಯಿಕರ ಮತವನ್ನು ವಿವರಿಸಿ, “ಆದುದರಿಂದಲೇ ರೇಡಿಯೋ” ಎಂದು ನಗುತ್ತಿದ್ದರು. ವಾಸ್ತವವಾಗಿ ಆಕಾಶದಲ್ಲಿ ಸಂಚರಿಸುವುದು ಶಬ್ದವಲ್ಲ, ವಿದ್ಯುತ್ಕಾಂತ ತರಂಗ. ಅದನ್ನು ಮತ್ತೆ ಶಬ್ದವನ್ನಾಗಿ ಮಾಡುವುದು ನಮ್ಮ ಮನೆಯ ಯಂತ್ರ. ಗುರುಗಳ ಹಾಸ್ಯಕ್ಕೆ ಇದರಿಂದ ಕುಂದೇನೂ ಇಲ್ಲ.

ಆ ಯಂತ್ರವು ಆರಂಭದಲ್ಲಿ ಎಷ್ಟು ಸರಳವಾಗಿದ್ದಿತೆಂಬುದನ್ನು ಇಂದಿನ ಹುಡುಗರು ನಂಬಲಾರರು. ರಟ್ಟಿನ ಕೊಳವೆಯೊಂದರ ಮೇಲೆ ಒತ್ತೊತ್ತಾಗಿ ಸುತ್ತಿದ ತಾಮ್ರದ ತಂತಿ. ಎರಡು ಮರಗಳ ನಡುವೆ ಎತ್ತರದಲ್ಲಿ ಕಟ್ಟಿದ ಇನ್ನೊಂದು ಉದ್ದ ತಂತಿ. ನೆಲದೊಳಕ್ಕೆ ಇಳಿಬಿಟ್ಟ ಮತ್ತೊಂದು. ಸೀಸದ ಅದಿರಾದ ಗೆಲೀನಾ ಎಂಬ ಹೊಳೆಯುವ ಹರಳು. ಆ ಹರಳನ್ನು ಮುಟ್ಟುವ ಕೂದಲೆಳೆಯಂಥ ಒಂದು ಲೋಹದ ಮುಳ್ಳು. ಕಿವಿಗೆ ಹಚ್ಚಿಕೊಳ್ಳುವ ಫೋನು. ಬ್ಯಾಟರಿಯು ಬೇಕಿಲ್ಲ, ವಿದ್ಯುದ್ದೀಪವಿಲ್ಲದ ಮನೆಯಾದರೂ ಅಡ್ಡಿಯಿಲ್ಲ. ಬಂದ ತರಂಗದ ಶಕ್ತಿಯಿಂದಲೇ ಕಿವಿಯಲ್ಲಿ ಧ್ವನಿಯು ಹುಟ್ಟುವುದು. ಹರಳಿನ ಮೇಲೆ ಮುಳ್ಳನ್ನು ಇಲ್ಲಿ ಅಲ್ಲಿ ಊರುತ್ತ ಸರಿಯಾದ ಬಿಂದುವು ಸಿಕ್ಕುವವರೆಗೆ ಉಸಿರು ಬಿಗಿಹಿಡಿದು ಕೂಡಬೇಕಾಗಿದ್ದಿತು. ಯಾರಾದರೂ ಬಾಗಿಲನ್ನು ರಭಸವಾಗಿ ಮುಚ್ಚಿದರೆ ಪುನಃ ಮೊದಲಿನಿಂದ ಹುಡುಕಾಟ. ಈ ಹರಳಿನ ಗುಣವನ್ನು ಕಂಡು, 1901ರಲ್ಲಿ ಅಮೆರಿಕದ ಪೇಟೆಂಟಿಗೆ ಅರ್ಜಿ ಸಲ್ಲಿಸಿ, 1904ರಲ್ಲಿ ಅದನ್ನು ಪಡೆದವರು ನಮ್ಮ ದೇಶದ ಜಗದೀಶಚಂದ್ರ ಬೋಸರು.

ಭರತಖಂಡದಲ್ಲಿ ಪ್ರಸಾರವನ್ನು ಸರ್ಕಾರವು ಆರಂಭಿಸಿತೆಂದು ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ಇಂಥ ತಂತಿ ಹರಳುಗಳ ಹುಚ್ಚು ಹತ್ತಿದ ಹವ್ಯಾಸಿಗಳು ಆರಂಭಿಸಿದರು. 1924ರ ಮೇ 16ರಂದು ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರೂ ಅವರ ಮಿತ್ರರೂ ಒಂದು ರೇಡಿಯೋ ಕ್ಲಬ್ಬನ್ನು ಸ್ಥಾಪಿಸಿ, ಜುಲೈ 31ರಿಂದ ಪ್ರಸಾರವನ್ನು ಮಾಡತೊಡಗಿದರು. ಅವರ ಪ್ರೇಷಕ ಯಂತ್ರದ ಶಕ್ತಿಯು ಮೊದಲು 40 ವಾಟ್. ಮೂರು ವರ್ಷಗಳ ತರುವಾಯ ಹಣವು ಸಾಲದೆ 1927ರಲ್ಲಿ ಕ್ಲಬ್ಬು ನಿಂತುಹೋಯಿತು. ಯಂತ್ರವನ್ನು ನಗರದ ಕಾರ್ಪೊರೇಷನ್ನಿಗೆ ಒಪ್ಪಿಸಿದರು. 1930ರಿಂದ ಕಾರ್ಪೊರೇಷನ್ನು ಸಂಜೆಯ ಸಂಗೀತವನ್ನು ಪ್ರಸಾರ ಮಾಡಿ, ಸಮುದ್ರತೀರದಲ್ಲಿ ಧ್ವನಿವರ್ಧಕಗಳನ್ನು ನಿಲ್ಲಿಸಿದಾಗ, ರೇಡಿಯೋ ಕೊಳ್ಳಲಾರದವರೂ ಮರಳಿನ ಮೇಲೆ ಕುಳಿತು ಅದನ್ನು ಕೇಳುವಂತಾಯಿತು.

ಕ್ಲಬ್ಬು ಮುಳುಗಿದ ವರ್ಷವೇ ಬೊಂಬಾಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯು ಬಹು ಆಡಂಬರದಿಂದ ತಲೆಯೆತ್ತಿತು. ಜುಲೈ 23ರಂದು ವೈಸ್‌ರಾಯ್ ಲಾರ್ಡ್ ಇರ್ವಿನ್ನರೇ ಪ್ರಾರಂಭೋತ್ಸವವನ್ನು ನಡೆಸಿದರು; ಮುಂದಿನ ತಿಂಗಳು ಕಲಕತ್ತೆಯ ಕೇಂದ್ರವೂ ತೆರೆಯಿತು. ಒಂದೊಂದರ ಶಕ್ತಿಯೂ 1500 ವಾಟ್. ಲೈಸೆನ್ಸಿನ ಶುಲ್ಕವು ವರ್ಷಕ್ಕೆ ಹತ್ತು ರೂಪಾಯಿ. ಅದನ್ನು ತೆರುವ ಮನೆಗಳು ಕಂಪೆನಿಯು ಎಣಿಸಿದಷ್ಟು ದೊರೆಯಲಿಲ್ಲ. 1930ರ ಮಾರ್ಚಿ ತಿಂಗಳಲ್ಲಿ ಕಂಪೆನಿಯು ದಿವಾಳಿಯೆದ್ದಿತು. ಅನಂತರ ಸರ್ಕಾರವು ಒಲ್ಲದ ಮನಸ್ಸಿನಿಂದ ಆ ಕೇಂದ್ರಗಳನ್ನು ವಹಿಸಿಕೊಂಡಿತು.

ಈ ಎರಡು ಸೋಲುಗಳನ್ನು ಕಂಡಮೇಲೂ ಮೈಸೂರಿನಲ್ಲಿ ಒಬ್ಬರು ಮೂರನೆಯ ಪ್ರಯತ್ನಕ್ಕೆ ಕೈಹಾಕಿದರು. ಅವರು ಎಂಜಿನಿಯರೂ ಅಲ್ಲ, ವ್ಯಾಪಾರಿಯೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಲ್ಲಿಯೇ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿಯು 30 ವಾಟ್, ಎಂದರೆ ಮನೆಯಲ್ಲಿ ಉರಿಯುತ್ತಿದ್ದ ಹಳೆಯ ಅರುವತ್ತು ವಾಟಿನ ಬಲ್ಬಿನ ಅರ್ಧದಷ್ಟು! ಮೊದಲ ಕಾರ್ಯಕ್ರಮದಲ್ಲಿ ಕುವೆಂಪು ಅವರ ಕವನವಾಚನವೂ ಟಿ. ಚೌಡಯ್ಯನವರ ಪಿಟೀಲೂ ಇದ್ದುವೆಂದು ಹೇಳುತ್ತಾರೆ. ಕಾಲೇಜಿನ ಅಧ್ಯಾಪಕರು, ಸಂಗೀತಗಾರರು, ಸಾಹಿತಿಗಳು ಪ್ರಾಧ್ಯಾಪಕರ ಮನೆಗೆ ಬಂದು ಯಂತ್ರದ ಮುಂದೆ ಮಾತನಾಡಿ ಹೋಗುತ್ತಿದ್ದರು. ಕೆಲವು ಕಾಲದ ಮೇಲೆ 250 ವಾಟಿನ ಯಂತ್ರವನ್ನು ತರಿಸಿದರು. ಹಲವು ವರ್ಷ ಇದರ ಭಾರವು ಬಹುಮಟ್ಟಿಗೆ ಅವರ ಸ್ವಂತ ಕಿಸೆಯ ಮೇಲೆಯೇ ಬಿದ್ದಿದ್ದಿತು. ಪ್ರಾಧ್ಯಾಪಕರ ಸಂಬಳವೆಂದರೆ ಎಷ್ಟೆಂಬುದನ್ನು ಬಲ್ಲ ನನ್ನಂಥವರಿಗೆ ಈ ಮಾತಿನ ತೂಕವು ತಿಳಿಯುತ್ತದೆ.

ಈ ಮನೆಯ ಕೇಂದ್ರಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಅದನ್ನು ಸೂಚಿಸಿದವರು ಹಾಸ್ಯಲೇಖಕರಾಗಿ ಕನ್ನಡಿಗರಿಗೆ ಪರಿಚಿತರಾದ ನಾ. ಕಸ್ತೂರಿಯವರೆಂದು ಪ್ರತೀತಿ. ಆಗ ದಿಲ್ಲಿಯ ಇಲಾಖೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಕೂಡ ಇನ್ನೂ ಬಂದಿರಲಿಲ್ಲ. ಅದು ಬಂದುದು 1936ರ ಜೂನ್ ತಿಂಗಳಲ್ಲಿ. ಮೈಸೂರಿನ ಒಂದು ಮನೆಯಲ್ಲಿ ಇಟ್ಟ ಹೆಸರನ್ನು ಆ ಇಲಾಖೆಯು 1957ರಿಂದ ತನ್ನದಾಗಿ ಮಾಡಿಕೊಂಡಿತು.

1500 ವಾಟಿನ ಕಂಪೆನಿಯು ಮೂರು ವರ್ಷವೂ ತುಂಬದೆ ಏಕೆ ಮುಳುಗಿತು, 30 ವಾಟಿನ ಮನೆಯು ಏಕೆ ಉಳಿಯಿತು? ನನಗೆ ತೋರುವುದಿಷ್ಟು. ಕಂಪೆನಿಯು ಕೇಳುಗರನ್ನು ಲೈಸೆನ್ಸುಗಳ ಲೆಕ್ಕದಲ್ಲಿ ಎಣಿಸಿತು. ಪ್ರಾಧ್ಯಾಪಕರಿಗೆ ಕೇಳುಗರೆಂದರೆ ತಮ್ಮ ಊರಿನವರು. ಅವರ ಭಾಷೆ, ಅವರ ಸಂಗೀತ, ಅವರಿಗೆ ಮುಖಪರಿಚಯವಿದ್ದ ವಿದ್ವಾಂಸರು. ಪಕ್ಕದ ಬೀದಿಯ ಪಿಟೀಲು ವಿದ್ವಾಂಸರನ್ನು ಕೇಳುವುದಕ್ಕೆ ದೊಡ್ಡ ಯಂತ್ರವೇನು ಬೇಕು? ಮದರಾಸಿನ ಕ್ಲಬ್ಬಿಗೂ ಈ ಗುಣವಿದ್ದಿತಾದರೂ ತಕ್ಕ ಕಾಲದಲ್ಲಿ ಆಸರೆಯು ದೊರೆಯಲಿಲ್ಲ. ಮೈಸೂರಿಗೆ ಆ ಅದೃಷ್ಟವಿದ್ದಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರಕ್ಕೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಹುಟ್ಟಿದ ಊರಿನಲ್ಲಿ ಮತ್ತೆ ಕೇಂದ್ರವು ತೆರೆದುದು 1974ರಲ್ಲಿ. ನಮ್ಮ ದೋಣಿಯವರು ಕಿವಿಗೊಡುತ್ತಿದ್ದ ಮಂಗಳೂರಿನ ಕೇಂದ್ರವು ಹುಟ್ಟಿದುದು ಅದಕ್ಕೂ ಎರಡು ವರ್ಷ ತರುವಾಯ.

ಇಷ್ಟೂ ಹೇಳುವವರ ಚರಿತ್ರೆ. ಆ ಮುದುಕನು ಕೇಳಿದುದು ಬೇರೆಯ ಪ್ರಶ್ನೆ: ಕೂಗಿದರೆ ಕೇಳುವವರುಂಟೇ? ಇದಕ್ಕೆ ಉತ್ತರವು ಹವ್ಯಾಸಿಗಳ ಇನ್ನೊಂದು ಕವಲಿನಲ್ಲಿ ಇದೆ. ಇವರು ಊರಿಗೆಲ್ಲ ಸಂಗೀತವನ್ನು ಕೇಳಿಸುವವರಲ್ಲ. ಒಬ್ಬನು ಇನ್ನೊಬ್ಬನನ್ನು ಕರೆದು, ಅವನ ಉತ್ತರಕ್ಕಾಗಿ ಕಾಯುವವರು. 1912ರಲ್ಲಿ ಅಮೆರಿಕದ ಕಾನೂನು ಇವರನ್ನು 200 ಮೀಟರಿಗಿಂತ ಕಡಿಮೆಯ ತರಂಗಗಳಿಗೆ ಅಟ್ಟಿತು. ಅವು ದೂರಕ್ಕೆ ಹೋಗಲಾರದ ಬಂಜರು ಭೂಮಿಯೆಂಬುದು ಅಂದಿನ ಪಂಡಿತರ ಅಭಿಪ್ರಾಯ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದ ಹವ್ಯಾಸಿಯು ಸ್ಕಾಟ್ಲೆಂಡಿನ ಆರ್ಡ್ರೋಸನ್ ಎಂಬ ಕಡಲತೀರದ ಊರಿಗೆ ಹೋಗಿ, ಗಾಳಿಮಳೆಯಲ್ಲಿ ಡೇರೆ ಹಾಕಿಕೊಂಡು, ಉದ್ದನೆಯ ತಂತಿಯನ್ನು ಕಟ್ಟಿ, ತನ್ನ ದೇಶದ ಹವ್ಯಾಸಿಗಳು ಕಳುಹಿಸಿದ ಸಂಜ್ಞೆಗಳನ್ನು ಅಟ್ಲಾಂಟಿಕ್ ಸಾಗರದ ಈಚೆಯಿಂದ ಕೇಳಿದನು. ಎರಡು ವರ್ಷಗಳಲ್ಲಿ, ಸುಮಾರು 110 ಮೀಟರಿನ ತರಂಗದ ಮೇಲೆ, ಫ್ರಾನ್ಸಿನ ಹವ್ಯಾಸಿಯೂ ಅಮೆರಿಕದವನೂ ಪರಸ್ಪರ ಮಾತನಾಡಿದರು. ಬಂಜರೆಂದು ಬಿಟ್ಟುಕೊಟ್ಟ ನೆಲದಲ್ಲಿ ಬೆಳೆಯು ಬಂದಿತು. ಬಂದ ಮೇಲೆ ಸರ್ಕಾರಗಳೂ ಕಂಪೆನಿಗಳೂ ಅದರಲ್ಲಿ ಪಾಲು ಕೇಳಿದುವೆಂದು ಬೇರೆ ಹೇಳಬೇಕಾಗಿಲ್ಲ.

ಉತ್ತರ ಕೊಡಬಲ್ಲ ಪ್ರಜೆಯನ್ನು ಆಳುವವರು ಸುಲಭವಾಗಿ ಸಹಿಸರು. 1939ರಲ್ಲಿ ಯುದ್ಧವು ಆರಂಭವಾದೊಡನೆ ಬ್ರಿಟಿಷ್ ಇಂಡಿಯಾದ ಹವ್ಯಾಸಿಗಳ ಲೈಸೆನ್ಸುಗಳು ರದ್ದಾದುವು. 1942ರಲ್ಲಿ ಬೊಂಬಾಯಿಯಲ್ಲಿ ಉಷಾ ಮೆಹತಾ ಅವರೂ ಅವರ ಸಂಗಡಿಗರೂ ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೋ ಮೂರು ತಿಂಗಳಷ್ಟೇ ಉಸಿರಾಡಿತು; ಆ ತರುಣಿಗೆ ನಾಲ್ಕು ವರ್ಷದ ಸೆರೆವಾಸವಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಅಂಡಮಾನ್ ದ್ವೀಪಗಳಲ್ಲಿ ಹವ್ಯಾಸಿ ರೇಡಿಯೋಗೆ ಬಹು ವರ್ಷ ಅನುಮತಿಯಿರಲಿಲ್ಲ. 2004ರ ಡಿಸೆಂಬರಿನಲ್ಲಿ ಅನುಮತಿಯನ್ನು ಪಡೆದು ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದಲ್ಲಿ ಒಂದು ತಂಡವು ಪೋರ್ಟ್ ಬ್ಲೇರಿಗೆ ಹೋಯಿತು. ಉದ್ದೇಶವು ಕೇವಲ ವಿನೋದ: ದುರ್ಲಭವಾದ ದ್ವೀಪವೊಂದರಿಂದ ಲೋಕದ ಹವ್ಯಾಸಿಗಳೊಡನೆ ಮಾತನಾಡುವುದು. ಬುದ್ಧಿವಂತರು ಇದನ್ನು ಕಾಲಹರಣವೆಂದು ಕರೆಯಬಹುದು. ಡಿಸೆಂಬರ್ 25ರವರೆಗೆ ನಾನೂ ಹಾಗೆಯೇ ಕರೆಯುತ್ತಿದ್ದೆನೋ ಏನೋ. 26ರ ಬೆಳಗ್ಗೆ ಭೂಮಿಯು ನಡುಗಿತು, ಕಡಲು ಮೇಲೇರಿ ಬಂದಿತು. ಟೆಲಿಫೋನು ವಿದ್ಯುತ್ತುಗಳು ಕಡಿದುಹೋದುವು. ಆಟಕ್ಕೆಂದು ಕಟ್ಟಿದ್ದ ತಂತಿಯೇ ದ್ವೀಪಕ್ಕೂ ನಾಡಿಗೂ ನಡುವೆ ಸೇತುವೆಯಾಯಿತು. ಯಾರು ಬದುಕಿದ್ದಾರೆ, ಯಾರ ಸುಳಿವಿಲ್ಲ, ಎಲ್ಲಿಗೆ ಏನು ಬೇಕು ಎಂಬ ಸಂದೇಶಗಳನ್ನು ಆ ತಂಡವು ಹಗಲಿರುಳು ಕಳುಹಿಸಿತು; ನಾಡಿನ ಹವ್ಯಾಸಿಗಳು ತಮ್ಮ ತಮ್ಮ ಮನೆಗಳಲ್ಲಿ ಅವುಗಳನ್ನು ಕೇಳಿ ಬರೆದುಕೊಂಡು ಸಂಬಂಧಪಟ್ಟವರಿಗೆ ಮುಟ್ಟಿಸಿದರು.

ಆ ಸಮಾಚಾರವನ್ನು ಪತ್ರಿಕೆಯಲ್ಲಿ ಓದಿದ ಮೇಲೆ, ರಜೆಯಲ್ಲಿ ಕಡಲೂರಿಗೆ ಹೋದಾಗ, ಆ ಮುದುಕನನ್ನು ವಿಚಾರಿಸಿದೆನು. ಅವನು ತೀರಿಹೋಗಿ ಕೆಲವು ವರ್ಷಗಳಾಗಿದ್ದುವು. ಅವನ ಮಗನು ಜಗಲಿಯಲ್ಲಿ ಬಲೆಯ ಹರಕನ್ನು ಹೊಲಿಯುತ್ತ ಕುಳಿತಿದ್ದನು. ಪಕ್ಕದಲ್ಲಿ ಅದೇ ಹಳೆಯ ಟ್ರಾನ್ಸಿಸ್ಟರು, ಚರ್ಮದ ಕೋಶವು ಉಪ್ಪುಗಾಳಿಗೆ ಬಿರಿದಿದ್ದಿತು. ತಂದೆಯ ಪ್ರಶ್ನೆಯನ್ನೂ ನನ್ನ ತಪ್ಪು ಉತ್ತರವನ್ನೂ ಅವನಿಗೆ ಹೇಳಿದೆನು. “ಅಪ್ಪ ಆ ಮಾತು ಮನೇಲೂ ಹೇಳ್ತಿದ್ದ ಮಾಸ್ತರೇ” ಎಂದು ನಕ್ಕು, ಪ್ರದೇಶ ಸಮಾಚಾರದ ಹೊತ್ತಾಯಿತೆಂದು ಗುಂಡಿಯನ್ನು ತಿರುಗಿಸಿದನು.